ವಯಸ್ಸನ್ನಷ್ಟೇ ನೋಡುವ ಆಟೊ ಚಾಯ್ಸ್

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿ, ಅಂದರೆ ಎನ್‌ಪಿಎಸ್‌ನಲ್ಲಿ, ಖಾಸಗಿ ನೌಕರರ ಹಣ ಎಲ್ಲಿ ಹೂಡಿಕೆಯಾಗಬೇಕೆಂಬುದು ಮುಖ್ಯವಾಗಿ ಎರಡು ಬಗೆಯಲ್ಲಿ ತೀರ್ಮಾನವಾಗುತ್ತದೆ. ಆಕ್ಟಿವ್ ಚಾಯ್ಸ್‌ನಲ್ಲಿ ಷೇರು, ಕಂಪನಿ ಸಾಲಪತ್ರ, ಸರ್ಕಾರಿ ಸಾಲಪತ್ರಗಳ ಪಾಲನ್ನು ಚಂದಾದಾರರೇ ನಿಗದಿ ಮಾಡುತ್ತಾರೆ. ಆಟೊ ಚಾಯ್ಸ್‌ನಲ್ಲಿ ವಯಸ್ಸೇ ಅದನ್ನು ನಿರ್ಧರಿಸುತ್ತದೆ. ಪ್ರತಿ ಹುಟ್ಟುಹಬ್ಬಕ್ಕೆ ಪಾಲುಗಳು ತಾವಾಗಿ ಬದಲಾಗುತ್ತವೆ.

ವರ್ಷಗಟ್ಟಲೆ ಖಾತೆಯತ್ತ ತಿರುಗಿ ನೋಡದವರಿಗೂ, ಮಾರುಕಟ್ಟೆ ಕುಸಿದಾಗ ಗಾಬರಿಯಿಂದ ಎಲ್ಲವನ್ನೂ ಬದಲಿಸುವವರಿಗೂ ಇದು ಒಳ್ಳೆಯ ರಕ್ಷಣೆ. ತೊಡಕಿರುವುದು ಇಳಿಕೆಯ ಲೆಕ್ಕದಲ್ಲಿ. ಆಟೊ ಚಾಯ್ಸ್‌ನ ಲೈಫ್ ಸೈಕಲ್ (ಎಲ್‌ಸಿ) ಯೋಜನೆಗಳಲ್ಲೊಂದಾದ ಎಲ್‌ಸಿ-50ರಲ್ಲಿ 35 ವರ್ಷದವರೆಗೆ ಶೇ 50ರಷ್ಟಿರುವ ಷೇರಿನ ಪಾಲು ಅಲ್ಲಿಂದ ವರ್ಷಕ್ಕೆ ಎರಡು ಅಂಶ ಇಳಿದು, 45ಕ್ಕೆ ಶೇ 30, 55ಕ್ಕೆ ಶೇ 10 ಆಗುತ್ತದೆ. ಸಂಬಳ ಏರಿ ಮೊತ್ತ ಬೆಳೆಯುವುದು ಸಾಮಾನ್ಯವಾಗಿ 40ರ ಆಚೆಗೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬಂತೆ, ಷೇರಿನ ದೊಡ್ಡ ಪಾಲು ಸಣ್ಣ ಮೊತ್ತಕ್ಕಷ್ಟೇ ದಕ್ಕುತ್ತದೆ.

'ಅಗ್ರೆಸಿವ್' ಎಂಬ ಹೆಸರಿನಲ್ಲಿ ಬಂದ ಎಲ್‌ಸಿ-75ರದು ಇನ್ನೂ ವಿಚಿತ್ರ. ಶೇ 75ರಿಂದ ಆರಂಭವಾದರೂ ಅದು ಕಡಿದಾಗಿ ಇಳಿದು, 50ನೇ ವಯಸ್ಸಿನಲ್ಲಿ ಎಲ್‌ಸಿ-50ರಷ್ಟೇ ಶೇ 20ಕ್ಕೆ ಬರುತ್ತದೆ. ಹೆಸರು ನೋಡಿ ಆರಿಸಿಕೊಂಡವರಿಗೆ ಇದು ಗೊತ್ತಿರುವ ಸಂಭವ ಕಡಿಮೆ.

ಇಳಿಕೆಗೆ ಕಾರಣವಿಲ್ಲದಿಲ್ಲ. ನಿವೃತ್ತಿಯಲ್ಲಿ ಮೊತ್ತದ ಒಂದು ಭಾಗದಿಂದ ನಿಯತವಾಗಿ ಪಿಂಚಣಿ ಕೊಡುವ ಆನ್ಯುಯಿಟಿ ಕೊಳ್ಳಬೇಕು. ಆಗಲೇ ಷೇರುಪೇಟೆ ಬಿದ್ದಿದ್ದರೆ ಆ ನಷ್ಟ ಜೀವನಪೂರ್ತಿ ಪಿಂಚಣಿಯನ್ನು ತಗ್ಗಿಸುತ್ತದೆ. ಆದರೆ ಆ ಭಯಕ್ಕೆ 36ರಲ್ಲೇ ಇಳಿಕೆ ಶುರುಮಾಡುವುದು ಅತಿಯಾಯಿತು. 2024ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಲೆನ್ಸ್ಡ್ ಲೈಫ್ ಸೈಕಲ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ: ಅದರಲ್ಲಿ 45ರವರೆಗೆ ಶೇ 50 ಉಳಿದು, 55ಕ್ಕೆ ಶೇ 35 ಆಗುತ್ತದೆ.

ಯಾವ ಆಟೊ ಯೋಜನೆಯೂ ನೋಡದ ಸಂಗತಿ ನೌಕರರ ಉಳಿದ ಉಳಿತಾಯ. ಭವಿಷ್ಯನಿಧಿಯ (ಪಿಎಫ್) ಹಣ ಹೆಚ್ಚಾಗಿ ಸಾಲಪತ್ರಗಳಲ್ಲೇ ಇರುತ್ತದೆ. ಪಿಎಫ್ ಜೊತೆಗೆ, ಆಟೊ ಯೋಜನೆಗಳಲ್ಲಿ ಷೇರಿನ ಪಾಲು ಅತಿ ಕಡಿಮೆಯಿರುವ ಎಲ್‌ಸಿ-25 ಹಿಡಿದವರ ನಿವೃತ್ತಿ ನಿಧಿಯಲ್ಲಿ ಷೇರಿನ ಪಾಲು ನೆಪಮಾತ್ರಕ್ಕೆ ಉಳಿದು, ಹಣದುಬ್ಬರವನ್ನು ಮೀರುವ ಶಕ್ತಿ ಕುಗ್ಗುತ್ತದೆ. ಅಂಥವರಿಗೆ ಬ್ಯಾಲೆನ್ಸ್ಡ್ ಯೋಜನೆ ಅಥವಾ ಆಕ್ಟಿವ್ ಚಾಯ್ಸ್ ಹೆಚ್ಚು ಹೊಂದುತ್ತದೆ. ಪಿಎಫ್ ಇಲ್ಲದ, ನಿವೃತ್ತಿಗೆ ಐದಾರು ವರ್ಷವಷ್ಟೇ ಉಳಿದವರಿಗೆ ಎಲ್‌ಸಿ-25 ಸಾಕು.