ಹೆಸರಿನ ಅರ್ಥವೂ ಹೆಸರಿಟ್ಟವರ ಆಶಯವೂ

ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಹೆಸರನ್ನು ಬಿಡಿಸಿ ನೋಡಿದರೆ ಹಳಗನ್ನಡದ ಒಂದು ಕಿರುಪದ ಅದರಲ್ಲಿ ಇಂದಿಗೂ ಬಾಳುತ್ತಿರುವುದು ಕಾಣುತ್ತದೆ. 'ನಲ್' ಎಂದರೆ ಒಳ್ಳೆಯದು, ಚೆಲುವಾದದ್ದು, ಪ್ರೀತಿಗೆ ತಕ್ಕದ್ದು. ನಲ್ಲ, ನಲ್ಲೆ, ನಲ್ಮೆ, ನಲ್ನುಡಿ ಎಂಬ ಶಬ್ದಗಳೆಲ್ಲ ಆ ಬೇರಿನಿಂದಲೇ ಚಿಗುರಿದವು. ತಮಿಳಿನಲ್ಲಿಯೂ ಅದೇ ಬೇರುಂಟು. ಶ್ರೀಲಂಕೆಯ ಜಾಫ್ನಾದಲ್ಲಿಯೂ ಒಂದು ನಲ್ಲೂರಿದೆ. ತಾಲ್ಲೂಕಿನ ಕೇಂದ್ರವಾದ ಚನ್ನಗಿರಿಯ ಹೆಸರನ್ನು ಜನರು ಕೆಳದಿಯ ರಾಣಿ ಚೆನ್ನಮ್ಮಾಜಿಯೊಡನೆ ಜೋಡಿಸಿಕೊಂಡು ಬಂದಿದ್ದಾರೆ. 'ಚೆನ್ನ' ಎಂಬುದಕ್ಕೂ ಚೆಲುವು, ಒಳಿತು ಎಂಬುದೇ ಅರ್ಥ. ಊರನ್ನು ಕಟ್ಟಿದವರು ಅದು ಒಳ್ಳೆಯ ಊರಾಗಲಿ ಎಂದು ಹಾರೈಸಿ ಹೆಸರಿಟ್ಟರು. ಹೆಸರು ವರ್ಣನೆಯಾಗುವುದಕ್ಕಿಂತ ಮೊದಲು ಹಾರೈಕೆಯಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಊರಿನ ವಿಷಯದಲ್ಲಿ ನಿಜವಾದ ಈ ಮಾತು ಮನುಷ್ಯರ ಹೆಸರಿನ ವಿಷಯದಲ್ಲಿ ಇನ್ನೂ ಹೆಚ್ಚು ನಿಜ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಯಾವುದಾದರೊಂದು ಹಳ್ಳಿಯ ಮತದಾರರ ಪಟ್ಟಿಯನ್ನು ಬಿಚ್ಚಿದರೆ ಅದು ಭಕ್ತಿಯ ಭೂಪಟದಂತೆ ತೋರುತ್ತದೆ. ಹಾಲಪ್ಪ, ಹಾಲಮ್ಮ, ಹಾಲೇಶ ಎಂಬ ಹೆಸರುಗಳು ಹಾಲಸ್ವಾಮಿ ಪರಂಪರೆಯ ಮಠಗಳ ಪ್ರಭಾವವನ್ನು ಹೇಳುತ್ತವೆ. ಹೊನ್ನಾಳಿಯ ಹಿರೇಕಲ್ಮಠದ ಚನ್ನಪ್ಪಸ್ವಾಮಿಯ ನೆನಪು ಚನ್ನಪ್ಪ, ಚನ್ನಮ್ಮ, ಚನ್ನೇಶರಲ್ಲಿ ಉಳಿದಿದೆ. ಬೆಳಗುತ್ತಿಯ ತೀರ್ಥರಾಮೇಶ್ವರನಿಂದ ತೀರ್ಥಪ್ಪ, ತೀರ್ಥಲಿಂಗಪ್ಪರು ಬಂದರೆ, ಜಗಳೂರಿನ ಕೊಡದಗುಡ್ಡದ ವೀರಭದ್ರೇಶ್ವರನಿಂದ ವೀರಭದ್ರಪ್ಪ, ವೀರಮ್ಮರು ಬಂದರು. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಇರುವುದೂ ಈ ಸೀಮೆಯಲ್ಲಿಯೇ. ತಾಂಡಾಗಳ ಸೇವಾ ನಾಯ್ಕರ ಹೆಸರು ಅತ್ತ ಬೆರಳು ಮಾಡುತ್ತದೆ.

ಈಗ ಮಕ್ಕಳಿಗೆ ಹೆಸರಿಡುವವರಿಗಾಗಿ ಅಚ್ಚಾಗಿ ಬರುವ ನಾಮಸಂಗ್ರಹಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಕಾರಾದಿಯಾಗಿ ಹೆಸರುಗಳು, ಎದುರಿಗೆ ಒಂದೆರಡು ಪದಗಳಲ್ಲಿ ಅರ್ಥ, ಇದು ಅವುಗಳ ಕ್ರಮ. ಅವುಗಳಿಂದ ಪ್ರಯೋಜನವಿಲ್ಲವೆನ್ನಲಾಗದು. ಆದರೆ ಅವುಗಳಲ್ಲಿ ಎರಡು ದೋಷಗಳು ಎದ್ದು ಕಾಣುತ್ತವೆ. ಸಂಸ್ಕೃತ ನಾಮಗಳಿಗೆ ಅಲ್ಲಿ ಸಿಗುವ ಮರ್ಯಾದೆ ದೇಶ್ಯ ನಾಮಗಳಿಗೆ ಸಿಗುವುದಿಲ್ಲ ಎಂಬುದು ಒಂದು. ಹೆಸರಿನ ಅರ್ಥವೆಲ್ಲ ನಿಘಂಟಿನಲ್ಲಿಯೇ ಇದೆಯೆಂಬ ನಂಬಿಕೆ ಮತ್ತೊಂದು. ಈ ಎರಡನೆಯದೇ ಹೆಚ್ಚು ವಿಚಾರಾರ್ಹವಾದದ್ದು. ಹಾಲಪ್ಪ ಎಂಬ ಹೆಸರನ್ನು ಕೋಶದ ನೆರವಿನಿಂದ ಬಿಡಿಸಿದರೆ ಹಾಲೂ ಅಪ್ಪನೂ ದೊರೆಯಬಹುದು. ಮಠದ ಗದ್ದಿಗೆಯ ಮುಂದೆ ಹರಕೆ ಹೊತ್ತು ನಿಂತ ತಾಯಿ ದೊರೆಯುವುದಿಲ್ಲ.

ಶಬ್ದಾರ್ಥವೊಂದೇ ಸಾಲದೆಂಬುದಕ್ಕೆ ಲೋಕದ ಬೇರೆ ಬೇರೆ ಜನಾಂಗಗಳ ನಾಮಪದ್ಧತಿಗಳೂ ಸಾಕ್ಷಿ ನುಡಿಯುತ್ತವೆ. ಮಗುವನ್ನು ದೇವರ ಕೊಡುಗೆಯೆಂದು ತಿಳಿಯುವುದು ಎಲ್ಲೆಲ್ಲಿಯೂ ಉಂಟು. ಗ್ರೀಕರ ಥಿಯೊಡೋರಸ್, ಫಾರಸಿಯ ಖುದಾಬಕ್ಷ್, ನಮ್ಮ ದೇವದತ್ತ ಇವೆಲ್ಲ ಒಂದೇ ಭಾವದ ಮೂರು ನುಡಿಗಳು. ಅರಬ್ಬರ ಅಬ್ದುಲ್ಲಾ ಎಂಬುದಕ್ಕೆ ದೇವರ ದಾಸನೆಂದರ್ಥ. ಶಿವದಾಸನ ಅರ್ಥವೂ ಅದಕ್ಕಿಂತ ದೂರದ್ದಲ್ಲ. ಹೀಬ್ರೂ ಭಾಷೆಯ ದಾನಿಯೇಲನ ಹೆಸರಿನಲ್ಲಿ ದೇವರೇ ತನ್ನ ನ್ಯಾಯಾಧಿಪತಿಯೆಂಬ ಪೂರ್ಣವಾಕ್ಯವೇ ಅಡಗಿದೆ. ಇಲ್ಲಿ ಶಬ್ದಾರ್ಥಕ್ಕೂ ಇಟ್ಟವರ ಆಶಯಕ್ಕೂ ಭೇದವಿಲ್ಲ.

ಎಲ್ಲ ಹೆಸರುಗಳೂ ಇಷ್ಟು ಸರಳವಲ್ಲ. ಪಶ್ಚಿಮ ಆಫ್ರಿಕದ ಆಕಾನ್ ಜನರಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರನ್ನು ಇಡುವ ಸಂಪ್ರದಾಯವಿದೆ. ೧೯೫೭ರಲ್ಲಿ ಸ್ವತಂತ್ರವಾದ ಘಾನಾ ದೇಶದ ನಾಯಕ ಕ್ವಾಮೆ ಎನ್ಕ್ರುಮಾ ಅವರ ಹೆಸರಿನ ಮೊದಲ ಪದಕ್ಕೆ ಶನಿವಾರ ಹುಟ್ಟಿದವನೆಂದರ್ಥ. ೧೯೯೭ರಿಂದ ೨೦೦೬ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನಾನ್ ಶುಕ್ರವಾರದವರು. ಇತ್ತ ನಮ್ಮ ತುಳುನಾಡಿನಲ್ಲಿಯೂ ವಾರದ ಹೆಸರುಗಳಿದ್ದವು: ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ. ಕೋಫಿಗೂ ತುಕ್ರನಿಗೂ ಶಬ್ದಾರ್ಥ ಒಂದೇ. ಇಬ್ಬರೂ ಶುಕ್ರವಾರದ ಮಕ್ಕಳು. ಆದರೆ ಆಕಾನರಲ್ಲಿ ವಾರದ ಹೆಸರು ಎಲ್ಲರಿಗೂ ಸಲ್ಲುವ ಗೌರವವಾದರೆ, ತುಳುನಾಡಿನಲ್ಲಿ ಅದು ಬಹುಮಟ್ಟಿಗೆ ಒಡೆಯನ ಹೊಲದಲ್ಲಿ ದುಡಿಯುವವರ ಗುರುತಾಗಿತ್ತು. ದೊಡ್ಡವರ ಹೆಸರನ್ನು ತಮ್ಮ ಮಕ್ಕಳಿಗೆ ಇಡುವ ಧೈರ್ಯ ಅವರಿಗೆ ಇರಲಿಲ್ಲ, ಇರಗೊಡುತ್ತಲೂ ಇರಲಿಲ್ಲ. ಒಂದೇ ಅರ್ಥದ ಎರಡು ಹೆಸರುಗಳು ಒಂದು ಕಡೆ ಮಾನವಾಗಿ, ಇನ್ನೊಂದು ಕಡೆ ಅಪಮಾನವಾಗಿ ನಿಂತವು. ಹೆಸರಿಗೆ ಬೆಲೆ ಬರುವುದು ಕರೆಯುವವರಿಗೂ ಕರೆಸಿಕೊಳ್ಳುವವರಿಗೂ ಇರುವ ಸಂಬಂಧದಿಂದ.

ಜಗಳೂರು, ಚಳ್ಳಕೆರೆಗಳ ಕಡೆ ಮನೆಮನೆಗೂ ಇರುವ ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪಣ್ಣ ಎಂಬ ಹೆಸರುಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಅವು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಪ್ರಸಾದವೆಂಬುದು ಸರ್ವವಿದಿತ. ಅದಲ್ಲದೆ, ಹಿಂದೆ ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು, ತಿಪ್ಪ, ಗುಂಡ, ಕಲ್ಲ ಎಂಬ ಹೆಸರಿಡುವ ರೂಢಿಯೂ ಕನ್ನಡನಾಡಿನಲ್ಲಿ ಇತ್ತು. ಸಾವಿನ ಕಣ್ಣಿಗೆ ಮಗು ಬೆಲೆಯಿಲ್ಲದ್ದಾಗಿ ತೋರಲಿ, ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂಬುದು ತಾಯಿಯ ಬಯಕೆ. ಚೀನಾದ ಹಳ್ಳಿಗಳಲ್ಲಿಯೂ ಇದೇ ಕಾರಣಕ್ಕಾಗಿ ಕೂಸುಗಳನ್ನು ನಾಯಿಯ ಹೆಸರಿನಿಂದ ಕರೆಯುವ ಪದ್ಧತಿಯಿತ್ತು. ತಿಪ್ಪೆಯೆಂದರೆ ಕಸದ ರಾಶಿಯೆಂದು ಕೋಶ ಹೇಳುತ್ತದೆ. ಅದೇ ತಿಪ್ಪೆ ಗೊಬ್ಬರವಾಗಿ ಹೊಲಕ್ಕೆ ಜೀವ ಕೊಡುತ್ತದೆಂಬುದನ್ನು ಬೇಸಾಯಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಟ್ಟಣಕ್ಕೆ ಹೋದ ಮೊಮ್ಮಗ ಅಜ್ಜಿಯ ಹೆಸರನ್ನು ಹೇಳಲು ನಾಚಿಕೊಳ್ಳುವುದಾದರೆ, ಅವನು ನಾಚುತ್ತಿರುವುದು ಒಬ್ಬ ತಾಯಿಯ ಪ್ರಾರ್ಥನೆಗೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಕೀಳೆಂದು ತೋರುವ ಹೆಸರುಗಳೆಲ್ಲ ಪ್ರೀತಿಯಿಂದ ಹುಟ್ಟಿದವಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ, ಗಂಡುಮಗುವಿಗಾಗಿ ಕಾದ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ 'ನಕುಸಾ', ಎಂದರೆ ಬೇಡವಾದವಳು, ಎಂದು ಹೆಸರಿಡುತ್ತಿದ್ದರು. ೨೦೧೧ರಲ್ಲಿ ಅಲ್ಲಿ ೨೦೦ಕ್ಕೂ ಹೆಚ್ಚು ಹುಡುಗಿಯರು ಆ ಹೆಸರನ್ನು ಕಳಚಿ ಹೊಸ ಹೆಸರುಗಳನ್ನು ಪಡೆದರು. ನಮ್ಮ ಕಡೆ 'ಇನ್ನು ಹೆಣ್ಣು ಸಾಕು' ಎಂಬ ಭಾವದಿಂದ ಇಟ್ಟ ಸಾಕಮ್ಮ ಎಂಬ ಹೆಸರೂ ಇದೇ ಜಾತಿಯದು. ತಿಪ್ಪಮ್ಮ ಎಂಬಲ್ಲಿ ಮಗು ಉಳಿಯಲೆಂಬ ಆಸೆಯಿದೆ. ನಕುಸಾ ಎಂಬಲ್ಲಿ ಬರಬಾರದಿತ್ತೆಂಬ ಬೇಸರವಿದೆ. ಮೊದಲನೆಯದನ್ನು ಉಳಿಸಿಕೊಳ್ಳಬೇಕು, ಎರಡನೆಯದನ್ನು ಬಿಡಬೇಕು. ಈ ಭೇದವನ್ನು ತಿಳಿಸಬಲ್ಲದ್ದು ಇಟ್ಟವರ ಹೃದಯವೇ ಹೊರತು ವ್ಯುತ್ಪತ್ತಿಯಲ್ಲ.

ಈ ವಿವೇಕವನ್ನು ಒಂದು ಸಮಾಜದ ಆಚರಣೆಯನ್ನಾಗಿ ಮಾಡಿದವರು ಹನ್ನೆರಡನೆಯ ಶತಮಾನದ ಶರಣರು. ಕಲ್ಯಾಣದ ಶರಣರ ನಾಮಾವಳಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕವಿಚರಿತ್ರೆಯ ಪಟ್ಟಿಯಂತೆ ಓದಿ ಮುಂದೆ ಸಾಗುತ್ತಾರೆ. ಅದನ್ನೇ ಒಂದು ಕೃತಿಯೆಂಬಂತೆ ಪರಿಶೀಲಿಸುವುದು ಉಚಿತ. ಮಾಚ, ಮಾರ, ಕೇತ, ಕಕ್ಕ, ಬೊಮ್ಮ, ಲಕ್ಕ, ಸಂಕ ಇವು ಅಂದಿನ ಶಾಸನಗಳಲ್ಲಿಯೂ ಕಾಣುವಂಥ ಜನಸಾಮಾನ್ಯರ ಹೆಸರುಗಳು. ಬ್ರಹ್ಮ ಬೊಮ್ಮನಾಗಿ, ಲಕ್ಷ್ಮಿ ಲಕ್ಕಿಯಾಗಿ, ವೃಷಭ ಬಸವನಾಗಿ ಕನ್ನಡದ ನಾಲಗೆಯ ಮೇಲೆ ಪಳಗಿದ ಬಗೆಯನ್ನು ತಿಳಿಯಲು ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣ ನೆರವಾಗುತ್ತದೆ. ಶಾಸನಗಳನ್ನು ಅರಸರ ಯುದ್ಧಗಳಿಗಾಗಿ ಮಾತ್ರವಲ್ಲದೆ ಜನಜೀವನಕ್ಕಾಗಿ ಓದಬೇಕೆಂಬುದನ್ನು ೧೯೬೬ರಲ್ಲಿ ಪ್ರಕಟವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದ ಮೂಲಕ ತೋರಿಸಿದ ಡಾ. ಎಂ. ಚಿದಾನಂದಮೂರ್ತಿಯವರು ಇದೇ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರೆಂಬುದು ಇಲ್ಲಿ ಸ್ಮರಣೀಯ.

ಶರಣರು ಈ ಹೆಸರುಗಳನ್ನು ತೊಳೆದು ಸಂಸ್ಕೃತಗೊಳಿಸಲು ಹೋಗಲಿಲ್ಲ. ಅವುಗಳ ಕೊನೆಗೆ ಅಯ್ಯ, ಅಣ್ಣ, ಅಕ್ಕ, ಅವ್ವೆ ಎಂದು ಸೇರಿಸಿದರು. ಕಕ್ಕ ಕಕ್ಕಯ್ಯನಾದ, ಕೇತ ಕೇತಯ್ಯನಾದ, ಲಕ್ಕಿ ಲಕ್ಕಮ್ಮನಾದಳು. ಈ ಅಂತ್ಯಪದಗಳೆಲ್ಲ ಬಂಧುತ್ವವಾಚಕಗಳೆಂಬುದು ಗಮನಾರ್ಹ. ಅಯ್ಯನೆಂದರೆ ತಂದೆ, ಹಿರಿಯ. ಹೆಸರು ಹಿಡಿದು ಕರೆಯುವವನು ಆ ಒಂದು ಪದದಿಂದಲೇ ಎದುರಿಗಿರುವವನ ಮಗನೋ ತಮ್ಮನೋ ಆಗಿಬಿಡುತ್ತಾನೆ. ಬಸವಣ್ಣನವರು ತಮ್ಮ ವಚನಗಳಲ್ಲಿ ಮಾದಾರ ಚೆನ್ನಯ್ಯನನ್ನು ತಂದೆಯೆಂದೂ ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದೂ ಎಣಿಸಿಕೊಂಡದ್ದು ಅಲಂಕಾರದ ಮಾತಲ್ಲ. ಆ ಕಾಲದ ನಾಮಪದ್ಧತಿಯ ತಾತ್ಪರ್ಯವೇ ಅದು. ಬಿಜ್ಜಳನ ಭಂಡಾರಿಯಾಗಿದ್ದವರು ಜನರ ನಾಲಗೆಯ ಮೇಲೆ ಅಣ್ಣನಾಗಿ ಉಳಿದರು. ಉಡುತಡಿಯ ಮಹಾದೇವಿಗಂತೂ ಹೆಸರೇ ಬೇಕಾಗಲಿಲ್ಲ. ಅಕ್ಕ ಎಂದರೆ ಸಾಕಾಯಿತು.

ಹೆಸರಿನ ಹಿಂದೆ ಬಂದ ಕಾಯಕವಾಚಕವೂ ಇಷ್ಟೇ ಮುಖ್ಯವಾದದ್ದು. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ತುರುಗಾಹಿ ರಾಮಣ್ಣ, ಆಯ್ದಕ್ಕಿ ಲಕ್ಕಮ್ಮ ಇವರ ಕಸುಬುಗಳನ್ನು ಲೋಕ ಕೀಳೆಂದು ಎಣಿಸಿದ್ದಾಗ, ಶರಣರು ಅವನ್ನೇ ಬಿರುದನ್ನಾಗಿ ಮುಂದಿಟ್ಟರು. ಅಂಬಿಗರ ಚೌಡಯ್ಯನು ಬೇರೆ ಅಂಕಿತವನ್ನು ಅರಸದೆ ಕಾಯಕದೊಡನೆ ಕೂಡಿದ ತನ್ನ ಹೆಸರನ್ನೇ ವಚನಗಳ ಅಂಕಿತವಾಗಿಸಿದನು. ಮೋಳಿಗೆಯ ಮಾರಯ್ಯನ ಐತಿಹ್ಯವಂತೂ ಹೆಸರಿನ ಇತಿಹಾಸದಲ್ಲಿಯೇ ಅಪೂರ್ವವಾದದ್ದು. ಕಾಶ್ಮೀರದ ಅರಸನಾದ ಮಹಾದೇವ ಭೂಪಾಲನು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತು ಮಾರುವ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಜಗತ್ತಿನಲ್ಲಿ ಹೆಸರು ಬದಲಿಸಿಕೊಳ್ಳುವವರು ಸಾಮಾನ್ಯವಾಗಿ ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಹಿಡಿಯುತ್ತಾರೆ. ಇವನು ರಾಜನಾಮವನ್ನು ಇಳಿಸಿಟ್ಟು ಮೋಳಿಗೆಯನ್ನು ಹೆಸರಿಗೆ ಏರಿಸಿಕೊಂಡನು. ಐತಿಹ್ಯದ ಚಾರಿತ್ರಿಕತೆ ಏನೇ ಇರಲಿ, ಅದನ್ನು ಕಾಪಾಡಿಕೊಂಡು ಬಂದ ಸಮಾಜ ಯಾವುದನ್ನು ಏರಿಕೆಯೆಂದು ತಿಳಿದಿತ್ತೆಂಬುದು ಸ್ಪಷ್ಟ.

ಆ ತಿಳಿವು ಹಾಗೆಯೇ ಉಳಿಯಿತೆ? ಉಳಿಯಲಿಲ್ಲವೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಮಾದಾರ ಚೆನ್ನಯ್ಯನಿಗೂ ಡೋಹರ ಕಕ್ಕಯ್ಯನಿಗೂ ಸಮನಾಗಿ ಸಂದ 'ಅಯ್ಯ' ಎಂಬ ಪದ ಮುಂದಿನ ಕಾಲದಲ್ಲಿ ಹಲವೆಡೆ ಜಂಗಮ ಮನೆತನಗಳ ಗುರುತಾಗಿ ನಿಂತಿತು, ಉಳಿದವರು 'ಅಪ್ಪ'ರಾದರು. ಎಲ್ಲರನ್ನೂ ಒಂದೇ ಮನೆಯವರನ್ನಾಗಿ ಮಾಡಲು ಹುಟ್ಟಿದ ಪದ ಮನೆಮನೆಯನ್ನು ಬೇರ್ಪಡಿಸುವ ಗೆರೆಯಾಯಿತು. ಕಾಯಕವನ್ನು ಸಾರುತ್ತಿದ್ದ ಪೂರ್ವಪದಗಳೂ ಇಂದು ಎಷ್ಟೋ ಕಡೆ ಜಾತಿಯನ್ನು ಸಾರುತ್ತಿವೆ. ಒಬ್ಬೊಬ್ಬ ಶರಣನನ್ನು ಒಂದೊಂದು ಸಮುದಾಯ ತನ್ನವನೆಂದು ಹಂಚಿಕೊಳ್ಳುತ್ತಿದೆ. ಶರಣರ ಹೆಸರನ್ನು ಉಚ್ಚರಿಸುವ ನಾಲಗೆ ಅದರ ಆಶಯವನ್ನು ಮರೆತರೆ ಆ ಉಚ್ಚಾರಣೆಯಿಂದ ಬರುವ ಫಲವೇನು?

ಮತ್ತೊಂದು ಬದಲಾವಣೆ ಶಾಲೆಯ ದಾಖಲೆಗಳೊಡನೆ ಬಂದಿತು. ಹಾಲಪ್ಪನ ಮಗ ಹಾಲೇಶನಾದ, ಕಲ್ಲಪ್ಪನ ಮಗ ಕಲ್ಲೇಶನಾದ, ತಿಪ್ಪಣ್ಣನ ಮಗ ತಿಪ್ಪೇಶನಾದ. 'ಅಪ್ಪ' ಹೋಗಿ 'ಈಶ' ಬಂದದ್ದು ಕೇವಲ ಧ್ವನಿಯ ಬದಲಾವಣೆಯಲ್ಲ. ಅಪ್ಪ ಎಂಬುದು ಬಂಧುತ್ವದ ಪದ. ಈಶ ಎಂಬುದು ಒಡೆತನದ ಪದ. ಆದರೂ ಹಾಲೇಶನಲ್ಲಿ ಹಾಲಸ್ವಾಮಿ ಉಳಿದಿದ್ದನು, ತಿಪ್ಪೇಶನಲ್ಲಿ ನಾಯಕನಹಟ್ಟಿ ಉಳಿದಿತ್ತು. ಅವರ ಮಕ್ಕಳಿಗೆ ಬಂದ ಎರಡಕ್ಷರದ ಹೊಸ ಹೆಸರುಗಳಲ್ಲಿ ಬಂಧುತ್ವವೂ ಇಲ್ಲ, ಒಡೆತನವೂ ಇಲ್ಲ, ಊರೂ ಇಲ್ಲ. ಕಿವಿಗೆ ಇಂಪಾಗಿರಬೇಕು, ಸುತ್ತಮುತ್ತ ಬೇರೆ ಯಾರಿಗೂ ಇರಬಾರದು, ಇವೆರಡೇ ಅವುಗಳ ಆಯ್ಕೆಯ ಸೂತ್ರಗಳು. ಹಿಂದಿನವರು ತಮ್ಮವರ ಹೆಸರೆಂಬ ಕಾರಣಕ್ಕೇ ಇಡುತ್ತಿದ್ದರು. ಇಂದಿನವರು ಯಾರದೂ ಅಲ್ಲವೆಂಬ ಕಾರಣಕ್ಕೆ ಇಡುತ್ತಾರೆ.

ಹೊಸ ಹೆಸರುಗಳೇ ಬೇಡವೆನ್ನುವುದು ಇದರ ತಾತ್ಪರ್ಯವಲ್ಲ. ರಾಘವಾಂಕನ ಕಾವ್ಯದ ಸಿದ್ಧರಾಮನಿಗೂ ಮನೆಯವರು ಮೊದಲು ಇಟ್ಟದ್ದು ತಮ್ಮ ದೈವವಾದ ಧೂಳಿಮಾಕಾಳನ ಹೆಸರು. ಮುದ್ದಗೌಡ, ಸುಗ್ಗವ್ವೆಯರ ಮನೆಯ ಮಗು ಬೆಳೆದು ಸಿದ್ಧರಾಮನಾಯಿತು. ಹೆಸರು ಬದಲಾಗಬಹುದು, ಬೆಳೆಯಲೂಬಹುದು. ಹೆಸರಿಡುವಾಗ ಯಾವ ಸಂಬಂಧಕ್ಕೆ ಮಗುವನ್ನು ಒಪ್ಪಿಸುತ್ತಿದ್ದೇವೆಂಬ ಎಚ್ಚರ ಇರಬೇಕಾದುದು ಮುಖ್ಯ. ತೊಟ್ಟಿಲಿನ ಬಳಿ ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುವಾಗ, ಆ ಕೂಸಿಗೆ ಅರ್ಥ ತಿಳಿಯುವುದಿಲ್ಲ. ಅತ್ತೆಯ ಉಸಿರಿನ ಬಿಸಿ ತಿಳಿಯುತ್ತದೆ. ಹೆಸರಿನ ಮೊದಲ ಅರ್ಥ ಅದೇ.

ನಲ್ಲೂರೆಂಬ ಹೆಸರನ್ನು ಇಟ್ಟವರು ಯಾರೋ ಒಳ್ಳೆಯ ಊರೆಂದು ಕರೆದು ಹೋದರು. ಆ ಮಾತನ್ನು ನಿಜಮಾಡುವ ಹೊಣೆ ಅಲ್ಲಿ ಬಾಳುವವರ ಮೇಲೆ ಉಳಿಯಿತು. ಬಸವ, ಅಕ್ಕ, ಚೆನ್ನಯ್ಯ ಎಂಬ ಹೆಸರುಗಳನ್ನು ಹೊತ್ತ ಸಮಾಜದ ಮೇಲೆಯೂ ಅಂಥದೇ ಹೊಣೆಯಿದೆ. ಮಾದಾರನೊಬ್ಬನನ್ನು ಅಯ್ಯಾ ಎಂದು ಕರೆಯಲು ನಾಲಗೆ ತೊದಲುವ ತನಕ, ಮಕ್ಕಳಿಗೆ ಎಷ್ಟು ಶರಣರ ಹೆಸರಿಟ್ಟರೂ ಆ ಹೆಸರುಗಳ ಅರ್ಥ ಕೈಗೂಡಿದಂತಾಗದು.