ಯಾರೂ ಇಲ್ಲದ ಊರಿನ ಒಗಟುಗಳು

ಒಬ್ಬ ಪತ್ತೇದಾರನಿಗೆ ಬಾಡಿಗೆ ಮೋಟರ್‌ಸೈಕಲ್ ಬೇಕು. ಅದಕ್ಕಾಗಿ ಗೆಳೆಯನ ವೇಷ ಹಾಕಬೇಕು. ಗೆಳೆಯನಿಗೆ ಮೀಸೆಯೇ ಇಲ್ಲ. ಆದರೂ ಇವನು ಬಾಗಿಲ ಕಿಂಡಿಗೆ ಅಂಟುಪಟ್ಟಿ ಹಚ್ಚಿ, ಅದರೊಳಗೆ ಬೆಕ್ಕನ್ನು ಓಡಿಸಿ, ಅಂಟಿಕೊಂಡ ಕೂದಲಿನಿಂದ ಮೀಸೆ ಮಾಡಿ, ಪಾಕದಿಂದ ಮುಖಕ್ಕೆ ಮೆತ್ತಿಕೊಂಡು, ಗೆಳೆಯನ ಪಾಸ್‌ಪೋರ್ಟ್ ಫೋಟೊಗೂ ಪೆನ್ನಿನಿಂದ ಮೀಸೆ ಬರೆಯಬೇಕು. 1999ರ ‘ಗೇಬ್ರಿಯಲ್ ನೈಟ್ 3’ ಆಟದ ಈ ಪ್ರಸಂಗವನ್ನು ಹಳೆಯ ಆಟಗಾರರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಕಷ್ಟದ ಒಗಟು, ಸರಿ. ಬುದ್ಧಿವಂತ ಒಗಟೇ? ಒಳ್ಳೆಯ ಒಗಟಿನ ಉತ್ತರ ಕೇಳಿದವನು ‘ಅಯ್ಯೋ, ಹೌದಲ್ಲ!’ ಎಂದು ಹಣೆ ಚಚ್ಚಿಕೊಳ್ಳುತ್ತಾನೆ. ಕೆಟ್ಟ ಒಗಟಿನ ಉತ್ತರ ಕೇಳಿದವನು ‘ಹಾಗೂ ಉಂಟೆ?’ ಎಂದು ಜಗಳಕ್ಕೆ ನಿಲ್ಲುತ್ತಾನೆ. ಬೆಕ್ಕಿನ ಮೀಸೆ ಎರಡನೆಯ ಜಾತಿಯದು. ಅಲ್ಲಿ ಆಡುವವನು ಆ ಲೋಕವನ್ನು ಅರಿಯುತ್ತಿಲ್ಲ, ಆಟ ಕಟ್ಟಿದವರ ತಲೆಯಲ್ಲಿ ಏನಿದ್ದೀತು ಎಂದು ಕಣಿ ಕೇಳುತ್ತಿದ್ದಾನೆ.

ಮೊದಲನೆಯ ಜಾತಿಯ ಒಗಟನ್ನೇ ನೆಚ್ಚಿಕೊಂಡ ಪರಂಪರೆಯೊಂದು ವಿಡಿಯೊ ಗೇಮ್‌ಗಳಲ್ಲಿದೆ. ಸಾಮಾನ್ಯ ಆಟಗಳಲ್ಲಿ ಬೆಳೆಯುವವನು ತೆರೆಯ ಮೇಲಿನ ನಾಯಕ: ಅವನ ಕತ್ತಿ ಹರಿತವಾಗುತ್ತದೆ, ಚೀಲ ತುಂಬುತ್ತದೆ. ಈ ಪರಂಪರೆಯಲ್ಲಿ ಚೀಲ ಹೆಚ್ಚುಕಡಿಮೆ ಖಾಲಿ. ಬೆಳೆಯುವುದು ಕುರ್ಚಿಯಲ್ಲಿ ಕೂತವನ ತಿಳಿವಳಿಕೆ. ಕೊನೆಯ ಬಾಗಿಲು ಮೊದಲ ದಿನವೇ ತೆರೆಯಬಹುದಿತ್ತು. ತೆರೆಯುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ, ಅಷ್ಟೆ.

ಇದರ ಬೇರು ಒಂದು ಗುಹೆಯಲ್ಲಿದೆ. ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ ನಕ್ಷೆ ಬರೆಯುತ್ತಿದ್ದವನು. ಆ ಗುಹೆಯನ್ನೇ ಬರೀ ಅಕ್ಷರಗಳಲ್ಲಿ ಕಟ್ಟಿ ‘ಕೊಲಾಸಲ್ ಕೇವ್ ಅಡ್ವೆಂಚರ್’ ಮಾಡಿದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದ. ಆಡುವವರು ಪಕ್ಕದಲ್ಲಿ ಕಾಗದವಿಟ್ಟುಕೊಂಡು ತಾವೇ ನಕ್ಷೆ ಬರೆಯಬೇಕಿತ್ತು. ಅಲ್ಲಿಂದ 1993ರ ‘ಮಿಸ್ಟ್’ಗೆ ಜಿಗಿಯೋಣ. ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸೋದರರು ಕಟ್ಟಿದ ಈ ನಿರ್ಜನ ದ್ವೀಪ, 2002ರಲ್ಲಿ ‘ದಿ ಸಿಮ್ಸ್’ ಹಿಂದಿಕ್ಕುವವರೆಗೂ ಪಿಸಿ ಆಟಗಳ ಮಾರಾಟದಲ್ಲಿ ಮೊದಲ ಸ್ಥಾನದಲ್ಲಿತ್ತು. ಹೆಸರು ದೊಡ್ಡದು, ಆದರೆ ಇವತ್ತು ಆಡಿದರೆ ಅರ್ಧ ಸಮಯ ಸನ್ನೆಕೋಲು ಎಳೆಯುವ ಕೂಲಿಯಲ್ಲೇ ಹೋಗುತ್ತದೆ. ನಿಜವಾದ ಸಾಧನೆ ಅದರ ಮುಂದಿನ ಭಾಗ, 1997ರ ‘ರಿವೆನ್’.

ಐದು ಸಿಡಿಗಳಲ್ಲಿ ಬಂದ ಆ ಆಟದಲ್ಲಿ ಒಂದು ಶಾಲೆಯಿದೆ. ಮಕ್ಕಳಿಲ್ಲ, ಒಂದು ಆಟಿಕೆ ಇದೆ. ಎರಡು ಹಗ್ಗಗಳಿಗೆ ಎರಡು ಮನುಷ್ಯಗೊಂಬೆಗಳು ನೇತಾಡುತ್ತಿವೆ. ಕೆಳಗೆ ಬಾಯಿ ತೆರೆದ ಕಡಲಪ್ರಾಣಿ. ಗುಂಡಿ ತಿರುಗಿಸಿದರೆ ಅಪರಿಚಿತ ಚಿಹ್ನೆಯೊಂದು ಮೂಡುತ್ತದೆ. ಗೊಂಬೆ ಅಷ್ಟು ಮೆಟ್ಟಿಲು ಕೆಳಗಿಳಿಯುತ್ತದೆ. ಮೂರು ಸಲ ‘ಟಕ್’ ಎಂದರೆ ಆ ಚಿಹ್ನೆ ಮೂರು. ಹೀಗೆ ಎಣಿಸುತ್ತ ಎಣಿಸುತ್ತ ಅಂಕಿಗಳನ್ನು ಕಲಿಯುತ್ತೇವೆ. ಗೊಂಬೆ ಕಡೆಗೆ ಪ್ರಾಣಿಯ ಬಾಯಿಗೆ ಬೀಳುತ್ತದೆ. ಆಗ ಹೊಳೆಯುತ್ತದೆ: ಈ ನಾಡಿನಲ್ಲಿ ದೇವರೆನಿಸಿಕೊಂಡು ಕೂತಿರುವ ಗೆಹ್ನ್ ಎಂಬಾತ ಜನರನ್ನು ಈ ಪ್ರಾಣಿಗೇ ಉಣಿಸುತ್ತಾನೆ, ಅದನ್ನೇ ಮಕ್ಕಳಿಗೆ ಒಂದು ಎರಡು ಮೂರು ಎಂದು ಕಲಿಸಿದ್ದಾನೆ. ಮುಂದೆ ಬಾಗಿಲು ತೆರೆಯಲು ಬೇಕಾಗುವ ಅಂಕಿಯೂ, ಊರಿನ ಭಯವೂ ಒಂದೇ ಆಟಿಕೆಯಿಂದ ಸಿಕ್ಕವು. ಕಥೆ ಬೇರೆ, ವಿನ್ಯಾಸ ಬೇರೆ ಎಂದು ಅಂಕ ಹಂಚುವ ವಿಮರ್ಶಕರು ಈ ಶಾಲೆಯಲ್ಲಿ ಒಂದು ಗಳಿಗೆ ಕೂರಬೇಕು. ಇಲ್ಲಿ ಯಾವುದಕ್ಕೆ ಎಷ್ಟು ಕೊಡುತ್ತಾರೆ?

ಇದಕ್ಕೆ ಸಾಟಿಯಾದದ್ದು 22 ವರ್ಷಗಳ ನಂತರ ಬಂತು. (‘ಔಟರ್ ವೈಲ್ಡ್ಸ್’ ಆಡಬೇಕೆಂದಿರುವವರು ಈ ಪ್ಯಾರಾ ಹಾರಿಸಿ, ನಾನೇನೂ ಬೇಸರಪಟ್ಟುಕೊಳ್ಳುವುದಿಲ್ಲ.) ಅಲೆಕ್ಸ್ ಬೀಚಮ್ ವಿದ್ಯಾರ್ಥಿಯಾಗಿದ್ದಾಗ ಕಾಲೇಜಿನ ಪ್ರಬಂಧವಾಗಿ ಶುರುಮಾಡಿದ್ದು ಈ ಆಟ. ಪುಟ್ಟ ಸೌರಮಂಡಲ, 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ಎಲ್ಲವೂ ಮತ್ತೆ ಮೊದಲಿನಿಂದ. ಪ್ರತಿ ಸುತ್ತಿನಲ್ಲೂ ಉಳಿಯುವುದು ನಾವು ಓದಿ, ಕಂಡು ತಿಳಿದದ್ದು ಮಾತ್ರ. ಮಂಜು ಕವಿದ ಮುಳ್ಳುಬಳ್ಳಿಗಳ ತಾಣವೊಂದರಲ್ಲಿ ದೈತ್ಯ ಮೀನುಗಳಿವೆ, ಹೋದವರನ್ನೆಲ್ಲ ನುಂಗುತ್ತವೆ. ನಾನು ಹತ್ತಾರು ಸಲ ನುಂಗಿಸಿಕೊಂಡೆ. ಉತ್ತರ ಇದ್ದದ್ದು ಇನ್ನೊಂದು ಗ್ರಹದ ಗುಹೆಯಲ್ಲಿ, ಅಂಥದೇ ಮೀನಿನ ಪಳೆಯುಳಿಕೆಯ ಬಳಿ. ಎಂದೋ ಅಳಿದುಹೋದ ಜನಾಂಗದ ಮಕ್ಕಳು ಅಲ್ಲಿ ತಮ್ಮ ಆಟದ ನಿಯಮ ಬರೆದಿಟ್ಟಿದ್ದಾರೆ. ಒಬ್ಬ ಮೀನಾಗಿ ಕಣ್ಣು ಕಟ್ಟಿಕೊಳ್ಳಬೇಕು, ಉಳಿದವರು ಸದ್ದಿಲ್ಲದೆ ದಾಟಬೇಕು. ನಮ್ಮ ಕಣ್ಣಾಮುಚ್ಚಾಲೆಯೇ! ಮೀನಿಗೆ ಕಣ್ಣಿಲ್ಲ, ಕಿವಿ ಇದೆ. ಮುಂದಿನ ಸುತ್ತಿನಲ್ಲಿ ಎಂಜಿನ್ ನಿಲ್ಲಿಸಿ, ಬರೀ ವೇಗದ ಮೇಲೆ ತೇಲಿ, ಉಸಿರು ಬಿಗಿಹಿಡಿದು ಆ ಹಲ್ಲುಗಳ ನಡುವೆಯೇ ದಾಟಿದೆ. ಮೀನು ಬದಲಾಗಿರಲಿಲ್ಲ, ಹಡಗೂ ಬದಲಾಗಿರಲಿಲ್ಲ.

ಅಕ್ಕನ ಮಗ ಇದೇ ಆಟವನ್ನು ಯೂಟ್ಯೂಬ್ ನೋಡಿಕೊಂಡು ಒಂದೇ ಮಧ್ಯಾಹ್ನ ಮುಗಿಸಿ, ‘ಇದರಲ್ಲೇನಿದೆ ಮಾಮ?’ ಅಂದ. ಅವನ ತಪ್ಪಲ್ಲ. ಈ ಪರಂಪರೆಯ ಮೊದಲ ದೌರ್ಬಲ್ಯವೇ ಅದು. ಒಮ್ಮೆ ತಿಳಿದರೆ ಮುಗಿಯಿತು, ಎರಡನೆಯ ಸಲ ಆಡಲು ಏನೂ ಉಳಿಯುವುದಿಲ್ಲ. ಚೌಕಾಬಾರವನ್ನು ಅಜ್ಜಿ ಎಪ್ಪತ್ತು ವರ್ಷ ಆಡಿದಳು. ‘ಔಟರ್ ವೈಲ್ಡ್ಸ್’ ಅನ್ನು ನಾನು ಇನ್ನು ಆಡಲಾರೆ, ಬೇರೆಯವರು ಆಡುವುದನ್ನು ಬಾಯಿ ಮುಚ್ಚಿಕೊಂಡು ನೋಡಬಲ್ಲೆ.

ಆದರೆ ನನ್ನ ದೊಡ್ಡ ತಕರಾರು ಬೇರೆ ಇದೆ. ಮೇಲಿನ ಊರುಗಳನ್ನೆಲ್ಲ ಇನ್ನೊಮ್ಮೆ ನೋಡಿ. ‘ಮಿಸ್ಟ್’ ದ್ವೀಪದಲ್ಲಿ ಓಡಾಡುವವರಿಲ್ಲ. ‘ರಿವೆನ್’ನಲ್ಲಿ ಜನರಿದ್ದಾರೆ, ನಮ್ಮನ್ನು ಕಂಡೊಡನೆ ಓಡಿ ಬಾಗಿಲು ಹಾಕಿಕೊಳ್ಳುತ್ತಾರೆ. ‘ಔಟರ್ ವೈಲ್ಡ್ಸ್’ನ ಜ್ಞಾನಿಗಳು ಗೋಡೆಬರಹವಾಗಿದ್ದಾರೆ. ಜೊನಾಥನ್ ಬ್ಲೋ ಅವರ ‘ದಿ ವಿಟ್ನೆಸ್’ (2016) ಒಂದೂ ಮಾತಿಲ್ಲದೆ ಐನೂರಕ್ಕೂ ಹೆಚ್ಚು ಗೆರೆ-ಒಗಟುಗಳನ್ನು ಕಲಿಸುವ ಅದ್ಭುತ ಮೇಷ್ಟ್ರು; ಅದರ ದ್ವೀಪದಲ್ಲಿ ಇರುವುದು ಕಲ್ಲಾದ ಮನುಷ್ಯರು. (ಅಲ್ಲಲ್ಲಿ ಸಿಗುವ ಧ್ವನಿಮುದ್ರಿತ ತತ್ತ್ವವಾಕ್ಯಗಳು ಆ ಮೌನಕ್ಕೆ ಮಾಡಿದ ಅಪಚಾರ.) ಯಾಕೆ ಹೀಗೆ? ಬದುಕಿರುವ ಮನುಷ್ಯನಿಗೆ ಪ್ರಶ್ನೆ ಕೇಳಿದರೆ ಅವನು ಸುಳ್ಳು ಹೇಳಬಹುದು, ಸಿಟ್ಟಾಗಬಹುದು, ‘ನೀನ್ಯಾರು ಕೇಳೋಕೆ?’ ಎನ್ನಬಹುದು. ಅದನ್ನು ಪ್ರೋಗ್ರಾಮ್ ಮಾಡುವುದು ಕಷ್ಟ. ಸತ್ತವರು ಎದುರಾಡುವುದಿಲ್ಲ. ಆದ್ದರಿಂದ ಈ ಆಟಗಳ ಬುದ್ಧಿಯೆಲ್ಲ ಅಗೆದು ತೆಗೆಯುವವರ ಬುದ್ಧಿ. ಊರು ಖಾಲಿಮಾಡಿಸಿ ಪಡೆದ ಜಾಣ್ಮೆ.

ಈ ಮಿತಿಯನ್ನು ತಿಳಿದೇ ಕಥೆ ಮಾಡಿದವರು ಲ್ಯೂಕಸ್ ಪೋಪ್. ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ (2018) ಹಳೆಯ ಮ್ಯಾಕಿಂಟಾಷ್ ತೆರೆಯಂತೆ ಎರಡೇ ಬಣ್ಣಗಳಲ್ಲಿದೆ. 1807. ಕಾಣೆಯಾಗಿದ್ದ ಹಡಗು ತಾನಾಗಿ ಮರಳಿ ಬಂದಿದೆ. ಅದರಲ್ಲಿದ್ದ 60 ಜನರಿಗೆ ಏನಾಯಿತು? ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ. ಹೆಣದ ಮುಂದೆ ಗಡಿಯಾರ ತೆರೆದರೆ ಸಾವಿನ ಗಳಿಗೆ ಸ್ತಬ್ಧಚಿತ್ರವಾಗಿ ನಿಲ್ಲುತ್ತದೆ. ಕೈಯಲ್ಲಿ ಹೆಸರು, ಹುದ್ದೆ, ದೇಶಗಳ ಪಟ್ಟಿ. ತೂಗುಹಾಸಿಗೆಯ ನಂಬರು, ಕಾಲಿನ ಚಪ್ಪಲಿ, ಮಾತಿನ ಧಾಟಿ ನೋಡಿ ಯಾರು ಯಾರೆಂದು ಬರೆಯಬೇಕು. ಮೂವರದು ಸರಿಯಾದಾಗಲಷ್ಟೇ ಆಟ ಒಪ್ಪುವುದರಿಂದ ಕುರುಡು ಗುಂಡು ಹೊಡೆಯುವುದು ಸುಲಭವಲ್ಲ.

ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ. ಅವರನ್ನು ಹುಡುಕುವಾಗ ನಾನು ಮಾಡಿದ್ದೇನು? ಮೈಬಣ್ಣ ನೋಡಿದೆ, ಬಟ್ಟೆ ನೋಡಿದೆ, ‘ಇವನು ನಮ್ಮವನು’ ಎಂದು ಗುರುತು ಹಾಕಿಕೊಂಡೆ. 1799ರಲ್ಲಿ ಶ್ರೀರಂಗಪಟ್ಟಣ ಕೆಡವಿದ ಅದೇ ಕಂಪನಿಯ ಗುಮಾಸ್ತನ ಕಣ್ಣನ್ನು ಒಂದು ವಾರಾಂತ್ಯ ಎರವಲು ಪಡೆದಿದ್ದೆ, ಅದೂ ಖುಷಿಯಿಂದ. ಕೊನೆಯಲ್ಲಿ ನಾವು ಬರೆದದ್ದರ ಮೇಲೆ ಕಂಪನಿ ಒಬ್ಬೊಬ್ಬರ ಮನೆಯವರಿಗೂ ಪರಿಹಾರವನ್ನೋ ದಂಡವನ್ನೋ ಗೊತ್ತುಮಾಡುತ್ತದೆ. ಹಡಗಿನ ಮೇಲೆ ಕಂಡ ಅಷ್ಟೂ ರಕ್ತ ಲೆಕ್ಕದ ಪುಸ್ತಕದ ಒಂದೊಂದು ಸಾಲಾಗುತ್ತದೆ. ಅಗೆಯುವ ಜಾಣ್ಮೆ ಯಾರ ಸೇವೆಯಲ್ಲಿದೆ ಎಂಬುದನ್ನು ಈ ಪರಂಪರೆಯಲ್ಲಿ ಇಷ್ಟು ತಣ್ಣಗೆ ತೋರಿಸಿದ ಇನ್ನೊಂದು ಆಟ ನನಗೆ ಗೊತ್ತಿಲ್ಲ.

ಬದುಕಿರುವವರ ನಡುವೆ ಇದನ್ನು ಆಡಬಹುದೆ? ಎಸ್ಟೋನಿಯಾದ ಬರಹಗಾರರು ಕಟ್ಟಿದ ‘ಡಿಸ್ಕೋ ಎಲಿಸಿಯಮ್’ (2019) ಎದುರಾಡುವ ಮನುಷ್ಯರಿಂದಲೇ ತುಂಬಿದೆ, ಮಾತು ಬಲು ಸೊಗಸು. ಆದರೆ ಅಲ್ಲಿ ಅನೇಕ ತಿರುವುಗಳನ್ನು ತೀರ್ಮಾನಿಸುವುದು ದಾಳದ ಉರುಳು. ಅದು ಬೇರೆ ವಂಶ. ಈ ವಂಶದೊಳಗಿಂದಲೇ ಬಂದದ್ದು 2023ರ ಫ್ರೆಂಚ್ ಆಟ ‘ಚಾಂಟ್ಸ್ ಆಫ್ ಸೆನಾರ್’. ಒಂದು ಗೋಪುರ, ಮಹಡಿಗೊಂದು ಜನ, ಜನಕ್ಕೊಂದು ಲಿಪಿ. ಸನ್ನೆ, ಚಿತ್ರ, ಸಂದರ್ಭ ನೋಡಿ ಅರ್ಥ ಊಹಿಸಬೇಕು. ಕೆಳಗಿನ ಮಹಡಿಯ ಜನ ಬಹುವಚನಕ್ಕೆ ಪದವನ್ನು ಎರಡು ಸಲ ಬರೆಯುತ್ತಾರೆ. ‘ಮನೆಮನೆ’, ‘ಊರೂರು’ ಎನ್ನುವ ನನಗೆ ಅದು ತಟ್ಟನೆ ಹೊಳೆದು, ಮೇಲಿನ ಮಹಡಿಯಲ್ಲೂ ಅದನ್ನೇ ಹುಡುಕಿ ಮುಗ್ಗರಿಸಿದೆ. ಅವರದು ಬೇರೆ ಪದ್ಧತಿ. ಕಡೆಕಡೆಗೆ ಮಾತು ಬಿಟ್ಟ ಎರಡು ಜನಗಳ ನಡುವೆ ದುಭಾಷಿಯಾಗಿ ನಿಂತು ಒಬ್ಬರ ವಾಕ್ಯವನ್ನು ಇನ್ನೊಬ್ಬರ ಲಿಪಿಯಲ್ಲಿ ಜೋಡಿಸಬೇಕು. ಅಲ್ಲಿ ನಾನು ಬೇಕೆಂದೇ ತಪ್ಪು ಅನುವಾದ ಕೊಟ್ಟು ನೋಡಿದೆ. ಯಾರೂ ರೇಗಲಿಲ್ಲ, ಯಾರೂ ನೊಂದುಕೊಳ್ಳಲಿಲ್ಲ. ಸರಿಯಾದದ್ದು ಬರುವವರೆಗೆ ಇಬ್ಬರೂ ಬೀಗದಂತೆ ಸುಮ್ಮನೆ ಕಾದರು.