ನುಡಿಗಟ್ಟಿಗೆ ಆರ್ವೆಲ್ ಕೊಟ್ಟ ಒರೆಗಲ್ಲು

ಜಾರ್ಜ್ ಆರ್ವೆಲ್ 1946ರ ಏಪ್ರಿಲ್‌ನಲ್ಲಿ ಲಂಡನ್ನಿನ ‘ಹೊರೈಜನ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ಪಾಲಿಟಿಕ್ಸ್ ಅಂಡ್ ದಿ ಇಂಗ್ಲಿಷ್ ಲಾಂಗ್ವೇಜ್’ ಚಿಕ್ಕ ಪ್ರಬಂಧವೇ ಆದರೂ ಇಂಗ್ಲಿಷ್ ಬರವಣಿಗೆಯ ತರಗತಿಗಳಲ್ಲಿ ಇಂದಿಗೂ ಓದಿಸಲ್ಪಡುತ್ತಿದೆ. ಸವೆದ ನುಡಿಗಟ್ಟುಗಳನ್ನು ಅರ್ಥ ನೋಡದೆ ಪೋಣಿಸುವ ಚಟವೇ ಅದರ ಮುಖ್ಯ ಗುರಿ.

ನುಡಿಗಟ್ಟಿನೊಳಗಿನ ಚಿತ್ರ ಬರೆಯುವವನ ಕಣ್ಣಿಗೆ ಕಾಣಬೇಕು ಎನ್ನುವುದು ಆರ್ವೆಲ್ ವಾದದ ತಿರುಳು. ‘ಟೋ ದ ಲೈನ್’ ಎಂದರೆ ಎಳೆದ ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುವುದು, ಅಂದರೆ ಹೇಳಿದಂತೆ ಕೇಳುವುದು. ಆದರೆ ಅದೇ ಉಚ್ಚಾರದ, ಹಗ್ಗ ಕಟ್ಟಿ ಎಳೆಯುವುದು ಎಂಬರ್ಥದ ಇನ್ನೊಂದು ಪದವನ್ನು ಅಲ್ಲಿ ಬರೆದುಬಿಡುವವರಿದ್ದಾರೆ. ಹಾಗೆಯೇ, ಕಮ್ಮಾರನ ಸುತ್ತಿಗೆಗೆ ಅಡೆಗಲ್ಲು ಬಲಿಯಾಗುತ್ತದೆ ಎಂಬಂತೆ ಬರೆಯುತ್ತಾರೆ. ಕುಲುಮೆಯಲ್ಲಿ ಮುರಿಯುವುದು ಸುತ್ತಿಗೆ. ಇಂಥ ತಪ್ಪು ಕಾಗುಣಿತದ್ದಲ್ಲ, ಯೋಚನೆ ನಿಂತುಹೋದದ್ದರ ಗುರುತು ಎಂಬ ಮಾತು ಗಟ್ಟಿಯಾಗಿದೆ.

ಪ್ರಬಂಧ ಎತ್ತರಕ್ಕೇರುವುದು ರಾಜಕೀಯದ ಭಾಗದಲ್ಲಿ. ರಕ್ಷಣೆಯಿಲ್ಲದ ಹಳ್ಳಿಗಳ ಮೇಲೆ ಬಾಂಬು ಹಾಕುವುದು ‘ಪ್ಯಾಸಿಫಿಕೇಶನ್’ ಆಗುತ್ತದೆ. ರೈತರನ್ನು ಹೊಲದಿಂದ ಓಡಿಸುವುದು ‘ಟ್ರಾನ್ಸ್‌ಫರ್ ಆಫ್ ಪಾಪ್ಯುಲೇಶನ್’ ಆಗುತ್ತದೆ. ಸಿದ್ಧ ಪದಪುಂಜ ಹೇಗೆ ಕ್ರೌರ್ಯವನ್ನು ಮುಚ್ಚುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಬರಹಗಳು ವಿರಳ.

ಆದರೆ ಚಿತ್ರ ಕಣ್ಣಿಗೆ ಕಾಣಬೇಕೆಂಬ ಈ ಒರೆಗಲ್ಲು ಎಲ್ಲ ನುಡಿಗಟ್ಟಿಗೂ ಸಾಲದು. ‘ಬೆಗ್ ದ ಕ್ವೆಶ್ಚನ್’ ಎಂಬುದನ್ನು ನೋಡಿ. ಸಾಧಿಸಬೇಕಾದುದನ್ನೇ ಆಧಾರವಾಗಿ ಹಿಡಿಯುವ ತರ್ಕದೋಷಕ್ಕೆ ಆ ಹೆಸರು. ಇಂದು ಅನೇಕರು ಅದನ್ನು ‘ಪ್ರಶ್ನೆ ಏಳುತ್ತದೆ’ ಎಂಬರ್ಥದಲ್ಲಿ ಬಳಸುತ್ತಾರೆ. ಅದರಲ್ಲಿ ಕಣ್ಣಿಗೆ ಕಟ್ಟುವ ಚಿತ್ರವೇ ಇಲ್ಲ. ಅಲ್ಲಿ ನೆರವಿಗೆ ಬರುವುದು ಹೆನ್ರಿ ಫೌಲರ್ 1926ರಲ್ಲಿ ಹೊರತಂದ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ನಂಥ ಬಳಕೆಯ ಕೋಶ. ಅಚ್ಚಿನಲ್ಲಿ ಕಂಡು ರೂಢಿಯಾದ ರೂಪಕವನ್ನು ಮುಟ್ಟಲೇಬಾರದು ಎಂಬ ಆರ್ವೆಲ್ ನಿಯಮವೂ ಅತಿಯಾಯಿತು. ತಮ್ಮ ನಿಯಮಗಳನ್ನು ಅವರೇ ಪೂರಾ ಪಾಲಿಸಿಲ್ಲ: ಕರ್ಮಣಿ ಪ್ರಯೋಗವನ್ನು ಖಂಡಿಸುವ ವಾಕ್ಯವನ್ನು ಸ್ವತಃ ಆರ್ವೆಲ್ ಕರ್ಮಣಿಯಲ್ಲೇ ಬರೆದಿದ್ದಾರೆ. ಅಸಹ್ಯವಾಗಿ ಬರೆಯುವುದಕ್ಕಿಂತ ನಿಯಮ ಮುರಿಯುವುದೇ ಲೇಸು ಎನ್ನುವ ಆರನೆಯ ನಿಯಮವನ್ನು ಸೇರಿಸಿದ್ದು ಅವರ ವಿವೇಕ.

ಇಂಗ್ಲಿಷನ್ನು ಮನೆಮಾತಾಗಿ ಅಲ್ಲದೆ ಪುಸ್ತಕದಿಂದ ಕಲಿತ ನಮ್ಮಂಥವರಿಗೆ ಸಿದ್ಧ ನುಡಿಗಟ್ಟು ಆಸರೆ. ಅದನ್ನು ಪೂರಾ ಬಿಡಿ ಎನ್ನುವುದು ನಮಗೆ ಒಗ್ಗುವ ಸಲಹೆಯಲ್ಲ. ವರದಿ ಬರೆಯುವಾಗ, ಸಭೆಯಲ್ಲಿ ವಾದ ಮಂಡಿಸುವಾಗ ಅನುಮಾನ ಬಂದ ನುಡಿಗಟ್ಟನ್ನು ಕೋಶದಲ್ಲಿ ನೋಡಿ ಬಳಸೋಣ. ಅರ್ಥ ಖಚಿತವಾಗದಿದ್ದರೆ ಸರಳ ಮಾತಿನಲ್ಲೇ ಹೇಳೋಣ. ಆರ್ವೆಲ್ ಬಯಸಿದ ಪ್ರಾಮಾಣಿಕತೆ ಇಷ್ಟರಿಂದಲೇ ಸಾಧ್ಯ.